ಸಾಂಬಾರಿನ ಕ್ಯಾನು ಮತ್ತು ಎರಡು ರಾಟೆ

ಆ ವರ್ಷ ನಮ್ಮ ಸಂಸ್ಥೆ ಶಾಲೆಗಳಿಗೆ ಕಳಿಸಿದ ಕಿಟ್‌ನಲ್ಲಿ ಇದ್ದದ್ದು ಕಸದ ಡಬ್ಬಿ. ಕೈ ಹತ್ತಿರ ತಂದರೆ ಅದರ ಮುಚ್ಚಳ ತಾನೇ ತೆರೆದುಕೊಳ್ಳಬೇಕು. ಒಂದು ಸೆನ್ಸರ್, ಒಂದು ಪುಟ್ಟ ಮೋಟರ್, ಬ್ಯಾಟರಿ, ಮೊದಲೇ ಕತ್ತರಿಸಿಟ್ಟ ರಟ್ಟು. ನಾಲ್ಕು ಮತ್ತು ಐದನೇ ತರಗತಿಯ ಮಕ್ಕಳು ರಟ್ಟು ಅಂಟಿಸಿ, ತಂತಿ ಸಿಕ್ಕಿಸಿ, ಮುಗಿಸಬೇಕು. ನಾನು ವಾರದಲ್ಲಿ ಎರಡು ದಿನ ಶಿವಾಜಿನಗರದ ಒಂದು ಸರ್ಕಾರಿ ಪ್ರಾಥಮಿಕ ಶಾಲೆಗೆ ಹೋಗಿ ಈ ಪಾಠ ಮಾಡುತ್ತಿದ್ದೆ. ಬೈಯಪ್ಪನಹಳ್ಳಿಯ ಬಾಡಿಗೆ ಮನೆಯಿಂದ ಹೊರಟು, ಮೆಟ್ರೋದಲ್ಲಿ ನಿಂತುಕೊಂಡೇ ಬಂದು, ಇಳಿದು ಬಸ್ಸು ಹತ್ತಿ, ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಮಾಂಸದಂಗಡಿಗಳನ್ನೂ ಬಟ್ಟೆ ಗಾಡಿಗಳನ್ನೂ ದಾಟಿ ಶಾಲೆ ಮುಟ್ಟುವಷ್ಟರಲ್ಲಿ ಹೆಗಲಿನ ಚೀಲದ ಪಟ್ಟಿ ಬರೆ ಎಳೆದಿರುತ್ತಿತ್ತು. ಪಾಠ ಶುರುವಾಗುವ ಮೊದಲೇ ನಾನು ದಣಿದಿರುತ್ತಿದ್ದೆ.

ಡಬ್ಬಿಗಳು ಸತಾಯಿಸಿದವು. ಕೆಲವು ಯಾರ ಕೈಯೂ ಇಲ್ಲದೆ ಬಾಯಿ ತೆರೆದುಕೊಳ್ಳುತ್ತಿದ್ದವು, ಕೆಲವು ಎಷ್ಟು ಕೈಯಾಡಿಸಿದರೂ ಸುಮ್ಮನಿರುತ್ತಿದ್ದವು. ಒಂದು ಬೆಂಚಿನಿಂದ ಇನ್ನೊಂದಕ್ಕೆ ಓಡಾಡಿ ತಂತಿ ಬಿಗಿ ಮಾಡುವುದೇ ನನ್ನ ಪಾಠವಾಯಿತು. ಮಕ್ಕಳು ಕೈಕಟ್ಟಿ ನನಗಾಗಿ ಕಾಯುತ್ತಿದ್ದರು. ಒಂದು ದಿನ ಐದನೇ ತರಗತಿಯ ಒಬ್ಬಳು ಹುಡುಗಿ ತನ್ನ ಡಬ್ಬಿಯನ್ನು ನನ್ನ ಕಡೆ ತಳ್ಳಿ ಕೇಳಿದಳು:

"ಮಿಸ್, ಎಲ್ಲಾ ಕಟ್ ಮಾಡಿ ಕಳಿಸಿದಾರೆ. ಎಲ್ಲಿ ಅಂಟಿಸ್ಬೇಕು ಅಂತಾನೂ ಬರ್ದಿದಾರೆ. ಹಾಗಾದ್ರೆ ಇದನ್ನ ನಾವ್ ಮಾಡಿದ್ದು ಅಂತ ಯಾಕೆ ಹೇಳ್ಬೇಕು?"

ಅವಳ ತಂದೆ ಗಲ್ಲಿಯ ತುದಿಯಲ್ಲಿ ಬಟ್ಟೆ ತುಂಡುಗಳ ವ್ಯಾಪಾರ ಮಾಡುತ್ತಿದ್ದರು. ಮನೆಯಲ್ಲಿ ದಖ್ಖನಿ, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ತಮಿಳು. ಮೂರರಲ್ಲೂ ಅವಳು ಜಗಳವಾಡಬಲ್ಲಳು. ತರಗತಿಯವರು ಅವಳನ್ನು ಲೀಡರ್ ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆಯುತ್ತೇನೆ. ಅವಳ ಪ್ರಶ್ನೆಗೆ ಆಗ ನಾನು, "ಮೊದ್ಲು ಮೋಟರ್ ತಿರುಗತ್ತಾ ನೋಡೋಣ" ಎಂದು ಬಗ್ಗಿದೆ.

ಆ ಶಾಲೆಯಲ್ಲಿ ಮಕ್ಕಳು ಮಧ್ಯಾಹ್ನದ ಬಿಸಿಯೂಟ ಮಾಡುತ್ತಿದ್ದದ್ದು ಮೊದಲ ಮಹಡಿಯ ಜಗಲಿಯಲ್ಲಿ. ಊಟದ ವ್ಯಾನು ಗಲ್ಲಿಯೊಳಗೆ ಬಾರದೆ ಅದರ ಬಾಯಲ್ಲೇ ನಿಲ್ಲುತ್ತದೆ. ಅಲ್ಲಿಂದ ಅನ್ನ ಮತ್ತು ಸಾಂಬಾರಿನ ದೊಡ್ಡ ಸ್ಟೀಲ್ ಕ್ಯಾನುಗಳನ್ನು ಇಬ್ಬರು ಸಹಾಯಕಿಯರು ಹೊತ್ತು ತಂದು, ಕಡಿದಾದ ಮೆಟ್ಟಿಲು ಹತ್ತಿಸಬೇಕು. ಅವರಲ್ಲಿ ಹಿರಿಯಳನ್ನು ಮಕ್ಕಳು ಖಾಲಾ ಎನ್ನುತ್ತಿದ್ದರು. ಉರ್ದುವಿನ ಚಿಕ್ಕಮ್ಮ. ಕನ್ನಡ ಮಾತಾಡುವ ಮಕ್ಕಳಿಗೂ ಆಕೆ ಖಾಲಾನೇ.

ಒಂದು ಸೋಮವಾರ ಆಕೆ ಮೆಟ್ಟಿಲಿನ ತಿರುವಿನಲ್ಲಿ ಜಾರಿದರು. ದಢ್ ಎಂದು ಸದ್ದಾಗಿ ನಾವೆಲ್ಲ ಹೊರಗೆ ಓಡಿದಾಗ ಕ್ಯಾನು ಉರುಳಿ, ಸಾಂಬಾರು ಮೆಟ್ಟಿಲ ಮೇಲೆಲ್ಲ ಹರಿದಿತ್ತು. ಖಾಲಾ ಗೋಡೆಗೊರಗಿ ಕೂತು ಪಾದ ಹಿಡಿದುಕೊಂಡಿದ್ದರು. ನಾನು ನಲ್ಲಿಯ ಕೆಳಗೆ ಕಾಲಿಟ್ಟು ತಣ್ಣೀರು ಬಿಡುತ್ತಿದ್ದಾಗ, "ಏನಿಲ್ಲ ಟೀಚರಮ್ಮ, ಸ್ವಲ್ಪ ಸುಟ್ಟಿದೆ ಅಷ್ಟೇ. ಮಕ್ಳಿಗೆ ಇವತ್ತು ಏನ್ ಹಾಕೋದು?" ಎಂದರು. ಚರ್ಮ ಆಗಲೇ ಸುಲಿಯುತ್ತಿತ್ತು. ಮುಖ್ಯ ಶಿಕ್ಷಕಿ ಆಟೋ ತರಿಸಿ ಆಸ್ಪತ್ರೆಗೆ ಕರೆದೊಯ್ದರು. ಅವತ್ತು ಮಕ್ಕಳು ಬರೀ ಅನ್ನಕ್ಕೆ ಉಪ್ಪು ಹಾಕಿಕೊಂಡು ಉಂಡರು.

ನನ್ನ ಮುಂದಿನ ಪಾಠದ ದಿನ ಯಾರೂ ಡಬ್ಬಿ ಮುಟ್ಟಲಿಲ್ಲ. ಲೀಡರ್ ಎದ್ದು ನಿಂತಳು.

"ಮಿಸ್, ಕ್ಯಾನ್ ಮೇಲಕ್ಕೆ ಹೋಗೋ ಥರ ಏನಾದ್ರೂ ಮಾಡ್ಬಹುದಾ? ಹಗ್ಗದಲ್ಲಿ? ಖಾಲಾ ಹತ್ತಲೇಬಾರ್ದು."

ಹೂಂ ಎನ್ನುವ ಮುಂಚೆ ನಾನು ಯೋಚಿಸಬೇಕಿತ್ತು. ಸಂಸ್ಥೆಯ ಯೋಜನೆಯಲ್ಲಿ ಇದು ಇಲ್ಲ. ಕಲಿಕೆಯ ಗುರಿಗಳು, ಫೋಟೋಗಳು, ವರ್ಷದ ಕೊನೆಯಲ್ಲಿ ಹಣ ಕೊಡುವವರ ಭೇಟಿ, ಎಲ್ಲವೂ ಡಬ್ಬಿಯ ಸುತ್ತ ಇದ್ದವು. ಆದರೆ ಇನ್ನೊಂದು ಸಲ ಆ ಡಬ್ಬಿಗಳ ತಂತಿ ಬಿಗಿ ಮಾಡುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. "ಮಾಡಿ ನೋಡೋಣ" ಎಂದೆ. ಅದರಲ್ಲಿ ಉತ್ಸಾಹಕ್ಕಿಂತ ಬೇಸರವೇ ಹೆಚ್ಚಿತ್ತು.

ಮುಖ್ಯ ಶಿಕ್ಷಕಿ ಒಪ್ಪಿದ್ದು ಮೂರು ಷರತ್ತಿನ ಮೇಲೆ. ಯಂತ್ರ ಒಳಗಿನ ಅಂಗಳದ ಕಡೆಗಿರಬೇಕು, ಗಲ್ಲಿಯ ಕಡೆಗಲ್ಲ. ಕಬ್ಬಿಣದ ಕೆಲಸ ದೊಡ್ಡವರೇ ಮಾಡಬೇಕು. ಭಾರ ಮೇಲಿರುವಾಗ ಅದರ ಕೆಳಗೆ ಒಂದು ಮಗುವೂ ನಿಲ್ಲಬಾರದು. "ನಿಮ್ಮ ಪ್ರಯೋಗ ನಿಮ್ಗೆ ಇರ್ಲಿ ಮೇಡಂ. ಯಾರಿಗಾದ್ರೂ ಏನಾದ್ರೂ ಆದ್ರೆ ಉತ್ತರ ಹೇಳ್ಬೇಕಾದೋಳು ನಾನು" ಎಂದರು. ಅವರದು ತಪ್ಪೆನ್ನಲಾಗದು.

ಮೊದಲು ರಟ್ಟು ಮತ್ತು ದಾರದ ರೀಲಿನಲ್ಲಿ ಮಾದರಿ. ಆಮೇಲೆ ಹಾರ್ಡ್‌ವೇರ್ ಅಂಗಡಿಯಿಂದ ಬಾವಿಗೆ ಹಾಕುವಂಥ ಕಬ್ಬಿಣದ ರಾಟೆ ತಂದೆವು. ಗಲ್ಲಿಯ ವೆಲ್ಡಿಂಗ್ ಅಂಗಡಿಯವರು ಜಗಲಿಯ ಕಂಬಕ್ಕೆ, ಅಂಗಳದ ಕಡೆ ಚಾಚುವಂತೆ, ಕಬ್ಬಿಣದ ತೋಳೊಂದನ್ನು ಬೋಲ್ಟ್ ಹಾಕಿ ಕೂರಿಸಿದರು. ಅದಕ್ಕೆ ರಾಟೆ ತೂಗುಹಾಕಿ, ಹಗ್ಗ ಪೋಣಿಸಿ, ಪೇಂಟ್ ಬಕೆಟ್ಟಿಗೆ ಮರಳು ತುಂಬಿ ಕಟ್ಟಿದೆವು. ನಾಲ್ಕು ಮಕ್ಕಳು ಸೇರಿ ಎಳೆದರು. ಬಕೆಟ್ಟು ಮೊಣಕಾಲಿನೆತ್ತರ ಎದ್ದು ನಿಂತಿತು. ಅವರ ಕೈಯೂ ನಿಂತಿತು.

"ರಾಟೆ ಹಾಕಿದ್ರೆ ಹಗುರ ಆಗತ್ತೆ ಅಂದ್ರಲ್ಲ ಮಿಸ್?" ಎಂದು ಎಳೆದವರಲ್ಲೊಬ್ಬ ಕೇಳಿದ.

ಗುಜರಿ ಅಂಗಡಿಯಿಂದ ಕೇಳಿ ತಂದಿದ್ದ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿಯನ್ನು ಹಗ್ಗದ ತುದಿಗೆ ಕಟ್ಟಿ ಎಳೆದು ತೋರಿಸಿದೆ. ಬಕೆಟ್ಟಿನ ತೂಕವೂ ನಾವು ಎಳೆಯಬೇಕಾದ ಬಲವೂ ಹೆಚ್ಚುಕಡಿಮೆ ಒಂದೇ. ಮೇಲೆ ಕೂತಿರುವ ಒಂದೇ ರಾಟೆ ದಿಕ್ಕನ್ನು ಬದಲಿಸುತ್ತದೆ, ಭಾರವನ್ನಲ್ಲ. ಎರಡನೇ ರಾಟೆಯನ್ನು ಬಕೆಟ್ಟಿಗೇ ಸಿಕ್ಕಿಸಿ, ಹಗ್ಗದ ಒಂದು ತುದಿಯನ್ನು ಕಬ್ಬಿಣದ ತೋಳಿಗೆ ಕಟ್ಟಿ, ಮತ್ತೆ ಎಳೆಸಿದೆ. ಈ ಸಲ ಇಬ್ಬರಿಗೇ ಬಕೆಟ್ಟು ಎದ್ದಿತು. ಅಂಗಳದಲ್ಲಿ ಕೂಗೋ ಕೂಗು. ಕೂಗು ಇಳಿದ ಮೇಲೆ ಹಿಂದಿನಿಂದ ಒಂದು ಸಣ್ಣ ದನಿ ಬಂತು:

"ಮೇಡಂರೀ, ಹಗ್ಗ ಭಾಳ ಎಳದೀವಿ, ಬಕೀಟು ಸ್ವಲ್ಪಽ ಮ್ಯಾಲ ಬಂದೈತಿ."

ಕಲಬುರಗಿ ಕಡೆಯಿಂದ ಬಂದ ಹುಡುಗಿ ಅವಳು. ಅಪ್ಪ ಅಮ್ಮ ಇಬ್ಬರೂ ಕಟ್ಟಡದ ಕೆಲಸದವರು. ಹಲಸೂರಿನ ಕಡೆ ಒಂದೇ ಕೋಣೆಯ ಬಾಡಿಗೆ ಮನೆ. ಅವಳು ತರಗತಿಯಲ್ಲಿ ಬಾಯಿ ಬಿಟ್ಟದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಎಳೆದ ಹಗ್ಗದ ಅರ್ಧದಷ್ಟು ಮಾತ್ರ ಬಕೆಟ್ಟು ಏರುತ್ತದೆ, ಹಗುರವಾದದ್ದಕ್ಕೆ ನಾವು ಕೊಡುವ ಬೆಲೆ ಅದು ಎಂದು ವಿವರಿಸಿದೆ. ಅವಳು ತಲೆಯಾಡಿಸಿದಳು.

ಆಮೇಲಿನ ವಾರಗಳೆಲ್ಲ ತೊಂದರೆಗಳೇ. ಭಾರ ಏರುತ್ತ ಏರುತ್ತ ಬುಗುರಿಯಂತೆ ತಿರುಗಿ ಹಗ್ಗಗಳು ಹೆಣೆದುಕೊಳ್ಳುತ್ತಿದ್ದವು. ಬಕೆಟ್ಟಿನ ತಳಕ್ಕೆ ಇನ್ನೊಂದು ಹಗ್ಗ ಕಟ್ಟಿ, ದೂರ ನಿಂತು ಅದನ್ನು ಬಿಗಿ ಹಿಡಿಯುವುದನ್ನು ಕಲಿತೆವು. ಹಗ್ಗ ಜಗಲಿಯ ಅಂಚಿಗೆ ಉಜ್ಜಿ ನಾರು ಏಳತೊಡಗಿತು. ತೋಳನ್ನು ಇನ್ನಷ್ಟು ಮುಂದೆ ಚಾಚಿಸಿ, ಹಗ್ಗ ಬದಲಾಯಿಸಿದೆವು. ಎಲ್ಲಕ್ಕಿಂತ ದೊಡ್ಡ ಸಮಸ್ಯೆ ಎಂದರೆ ಕೈ ಬಿಟ್ಟರೆ ಭಾರ ಬೀಳುತ್ತಿತ್ತು. ಒಂದು ಮಧ್ಯಾಹ್ನ, ನೀರು ತುಂಬಿದ ಬಕೆಟ್ಟು ಜಗಲಿಯ ಮಟ್ಟಕ್ಕೆ ಬಂದಿದ್ದಾಗ ಎಳೆಯುತ್ತಿದ್ದ ಒಬ್ಬ ಸೀನಿದ. ಬಕೆಟ್ಟು ಅಂಗಳಕ್ಕೆ ಬಡಿದು ಸೀಳಿ, ನೀರು ಒಂದನೇ ತರಗತಿಯ ಬಾಗಿಲವರೆಗೂ ಚಿಮ್ಮಿತು. ಭಾರದ ಕೆಳಗಿನ ಜಾಗದ ಸುತ್ತ ಸೀಮೆಸುಣ್ಣದಲ್ಲಿ ಎಳೆದಿದ್ದ ಗೆರೆಯೊಳಗೆ ಯಾರೂ ಇರಲಿಲ್ಲ. ಆದರೂ ಮುಖ್ಯ ಶಿಕ್ಷಕಿ ಕೆಲಸ ನಿಲ್ಲಿಸಿದರು.

ನಿಂತದ್ದು ನನಗೂ ಒಳ್ಳೆಯದೇ ಅನಿಸಿತು. ಕೂಗಿ ಕೂಗಿ ದನಿ ಒಡೆದುಹೋಗಿತ್ತು. ಅಂಗೈಯ ಚರ್ಮ ಒರಟಾಗಿತ್ತು. ಸಂಜೆ ಮೆಟ್ರೋದಲ್ಲಿ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದರೆ, ಡಬ್ಬಿಗಳನ್ನೇ ತೋರಿಸಿ ಈ ವರ್ಷ ಮುಗಿಸಿಬಿಟ್ಟರೆ ಏನಾಗುತ್ತದೆ ಎಂಬ ಯೋಚನೆ ಬರುತ್ತಿತ್ತು. ಏನೂ ಆಗುತ್ತಿರಲಿಲ್ಲ. ಯಾರೂ ಕೇಳುತ್ತಿರಲಿಲ್ಲ.

ಲೀಡರ್ ಬಿಡಲಿಲ್ಲ. ಅಂಗಳದ ಅಂಚಿನ ಕಬ್ಬಿಣದ ಕಂಬಕ್ಕೆ ಹಗ್ಗವನ್ನು ಎರಡು ಮೂರು ಸುತ್ತು ಸುತ್ತಿ, ಇನ್ನೊಂದು ತುದಿಯನ್ನು ಇಡೀ ತರಗತಿಯಿಂದ ಎಳೆಸಿ ತೋರಿಸಿದಳು. ತನ್ನ ಕಡೆ ಅವಳು ಬೆರಳಲ್ಲಿ ಹಿಡಿದಿದ್ದಳು ಅಷ್ಟೇ. ಹಗ್ಗ ಅಲುಗಲಿಲ್ಲ. ಮಾರ್ಕೆಟ್ಟಿನಲ್ಲಿ ಲಾರಿಯ ಮೇಲಿನ ಮೂಟೆಗಳಿಗೆ ಹಗ್ಗ ಬಿಗಿಯುವಾಗ ಹೀಗೆ ಸುತ್ತುವುದನ್ನು ನೋಡಿದ್ದಳಂತೆ. ಸುತ್ತನ್ನು ಮೆಲ್ಲನೆ ಸಡಿಲಿಸುತ್ತ ಭಾರವನ್ನು ನಿಧಾನವಾಗಿ ಇಳಿಸಬಹುದು. ಮುಖ್ಯ ಶಿಕ್ಷಕಿ ಬಂದು, ತಾವೇ ಹಗ್ಗ ಹಿಡಿದು, ಬಿಟ್ಟು, ಮತ್ತೆ ಹಿಡಿದು ನೋಡಿದರು. "ಸರಿ. ಆದ್ರೆ ಕಂಬದ ಹತ್ರ ಯಾವಾಗ್ಲೂ ನೀವಿರ್ಬೇಕು" ಎಂದರು.

ಕ್ಯಾನಿನಷ್ಟೇ ತೂಕದ ಮರಳನ್ನು ಏರಿಸಿ ಇಳಿಸಿದೆವು. ಅದಕ್ಕಿಂತ ಹೆಚ್ಚು ತೂಕದ್ದನ್ನೂ ಏರಿಸಿದೆವು. ದಿನಗಟ್ಟಲೆ ಅದೇ ಕೆಲಸ. ಒಂದು ಸಲವೂ ಬೀಳಲಿಲ್ಲ. ಖಾಲಾ ಅಷ್ಟರಲ್ಲಿ ಕೆಲಸಕ್ಕೆ ಮರಳಿದ್ದರು. ಪಾದಕ್ಕೆ ಬಟ್ಟೆ ಸುತ್ತಿಕೊಂಡು, ಕ್ಯಾನಿನ ಒಂದು ಹಿಡಿ ಹಿಡಿದು, ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದರು. ಪ್ರತಿ ದಿನ ಲೀಡರ್ ಅವರಿಗೆ ಹೇಳುತ್ತಿದ್ದಳು, "ಇನ್ನು ಸ್ವಲ್ಪ ದಿನ ಅಷ್ಟೇ ಖಾಲಾ." ಅವರು ಏದುಸಿರಿನ ನಡುವೆ ನಕ್ಕು, "ಹೌ ಬೇಟಾ, ಹೌ" ಎನ್ನುತ್ತಿದ್ದರು.

ಹಣ ಕೊಡುವವರ ಭೇಟಿಯ ದಿನ ಬಂತು. ನಮ್ಮ ಸಂಸ್ಥೆಯ ಸಂಯೋಜಕ ಇಂದಿರಾನಗರದ ಆಫೀಸಿನಿಂದ ಬೆಳಿಗ್ಗೆಯೇ ಬಂದ. ನನಗಿಂತ ತುಂಬ ಚಿಕ್ಕವನು, ಒಳ್ಳೆಯವನು, ಸದಾ ಅವಸರದಲ್ಲಿರುವವನು. ಡಬ್ಬಿಗಳನ್ನು ಸಾಲಾಗಿ ಇಡಿಸಿದ. ಅತಿಥಿಗಳು ಕೈಯಾಡಿಸಿದರು, ಕೆಲವು ಮುಚ್ಚಳ ತೆರೆದವು, ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಅವರಲ್ಲೊಬ್ಬರ ಕಣ್ಣು ಕಂಬದ ಮೇಲಿನ ರಾಟೆಯ ಮೇಲೆ ಬಿತ್ತು. ಲೀಡರ್ ಎಲ್ಲ ವಿವರಿಸಿದಳು. ಖಾಲಾ ಜಾರಿದ್ದು, ದಿಕ್ಕು ಬದಲಿಸುವ ರಾಟೆ, ಭಾರ ಹಂಚಿಕೊಳ್ಳುವ ರಾಟೆ, ಕಂಬದ ಸುತ್ತು. ಅತಿಥಿಗಳು ಮೊಬೈಲ್ ತೆಗೆದರು. ಅದೇ ಹೊತ್ತಿಗೆ ಊಟದ ಕ್ಯಾನುಗಳು ಅಂಗಳಕ್ಕೆ ಬಂದವು. ಸಾಂಬಾರಿನ ಮುಚ್ಚಳದಂಚಿನಿಂದ ಹಬೆ ಏಳುತ್ತಿತ್ತು.

ಸಂಯೋಜಕ ನನ್ನ ಕಿವಿಯ ಹತ್ತಿರ ಬಂದ. "ಮೇಡಂ, ಇದನ್ನೇ ಎತ್ಸಿ. ಒಂದೇ ಒಂದು ಸಲ. ರಿಯಲ್ ಯೂಸ್ ಕಾಣ್ಬೇಕಲ್ವಾ? ವಿಡಿಯೋ ಸಿಕ್ಕಿದ್ರೆ ಮುಂದಿನ ವರ್ಷದ್ದು ಚಿಂತೆನೇ ಇಲ್ಲ."

ಮಕ್ಕಳು ಆಗಲೇ ತಮ್ಮ ತಮ್ಮ ಜಾಗದಲ್ಲಿ ನಿಂತಿದ್ದರು. ಲೀಡರ್ ಕ್ಯಾನಿನ ಹಿಡಿಗೆ ಕೊಕ್ಕೆ ಸಿಕ್ಕಿಸಲು ಬಗ್ಗಿದ್ದಳು. ಮುಖ್ಯ ಶಿಕ್ಷಕಿ ನನ್ನ ಕಡೆ ನೋಡಿದರು. "ನೀವೇ ಹೇಳಿ ಮೇಡಂ. ನೀವ್ ಸರಿ ಅಂದ್ರೆ ಸರಿ."

ನಾನು ಕಂಬ ಹಿಡಿದು ನಿಂತಿದ್ದೆ. ಹಗ್ಗ ಹೊಸದು. ತೋಳು ಗಟ್ಟಿ. ಪರೀಕ್ಷೆಯಲ್ಲಿ ತಪ್ಪಿಲ್ಲ. ಬೀಳುವುದಿಲ್ಲ ಎಂದೇ ನನಗೂ ಅನಿಸಿತ್ತು. ಆದರೆ ಅನಿಸುವುದಕ್ಕೂ ಕುದಿಯುವ ಸಾಂಬಾರಿನ ಕ್ಯಾನನ್ನು ಅಂಗಳದ ತುಂಬ ಮಕ್ಕಳಿರುವಾಗ ಗಾಳಿಯಲ್ಲಿ ತೂಗುಹಾಕುವುದಕ್ಕೂ ನಡುವೆ ಬಹಳ ದೂರವಿತ್ತು. ಇವತ್ತು ಎತ್ತಿಬಿಟ್ಟರೆ ನಾಳೆಯಿಂದ ದಿನಾ ಎತ್ತುತ್ತಾರೆ. ನಾನಿಲ್ಲದ ದಿನ ಕಂಬದ ಹತ್ತಿರ ಯಾರಿರುತ್ತಾರೆ?

"ಬೇಡ. ಇದನ್ನ ಎತ್ತೋದಿಲ್ಲ" ಎಂದೆ.

ಸಂಯೋಜಕ ನಕ್ಕಂತೆ ಮಾಡಿ ಅತಿಥಿಗಳ ಕಡೆ ತಿರುಗಿದ. ಲೀಡರ್ ಕೊಕ್ಕೆ ಕೈಯಲ್ಲೇ ಹಿಡಿದು ಎದ್ದು ನಿಂತಳು. ಅವಳ ಮುಖ ಕೆಂಪಾಗಿತ್ತು.

"ನಂಬಿಕೆ ಇಲ್ದಿದ್ರೆ ಟೆಸ್ಟ್ ಮಾಡಿ ಅಂತ ನೀವೇ ಹೇಳಿದ್ರಿ ಮಿಸ್. ಮಾಡಿದ್ವಿ. ಒಂದ್ ಸಲಾನೂ ಬೀಳ್ಲಿಲ್ಲ. ಈಗ ಯಾಕೆ?"

"ಮರಳು ಬಿದ್ರೆ ಗುಡಿಸ್ಬಹುದು. ಇದು ಬಿದ್ರೆ?"

"ಬೀಳಲ್ಲ!"

"ಬೀಳಲ್ಲ ಅಂತ ನಂಗೂ ಅನ್ಸತ್ತೆ. ಆದ್ರೂ ಎತ್ತಲ್ಲ. ಕೆಳಗೆ ಇರೋರಿಗೆ ಸುಟ್ರೆ ವಾಪಸ್ ಸರಿ ಮಾಡೋಕಾಗಲ್ಲ."

"ಮತ್ತೆ ಯಾಕ್ ಮಾಡ್ಸಿದ್ರಿ?" ಎಂದಳು. ಅತ್ತಳು. ಅತಿಥಿಗಳ ಮುಂದೆ, ಮೊಬೈಲುಗಳ ಮುಂದೆ, ಮುಖ ಮುಚ್ಚಿಕೊಳ್ಳದೆ ಅತ್ತಳು. ನಾನು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟೆ.

ಖಾಲಾ ಕ್ಯಾನಿನ ಹಿಡಿಗೆ ಕೈ ಹಾಕಿದರು. ಮೆಟ್ಟಿಲ ಕಡೆ ಹೊರಟರು. ಆಗ, ಭಾರ ತಿರುಗದಂತೆ ತಡೆಯುವ ಹಗ್ಗ ಹಿಡಿದು ದೂರದಲ್ಲಿ ನಿಂತಿದ್ದ ಕಲಬುರಗಿ ಹುಡುಗಿ ಕೇಳಿದಳು:

"ಮೇಡಂರೀ, ಸಾಂಬಾರ್ ಮ್ಯಾಲ ಯಾಕ ಹೋಗಬೇಕ್ರಿ? ನಾವಽ ಕೆಳಗ ಬಂದು ಉಂಡ್ರ ಆಗೂದಿಲ್ಲೇನ್ರಿ?"

ನಾನು ಮುಖ್ಯ ಶಿಕ್ಷಕಿಯ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಅವರು ಈ ಶಾಲೆಗೆ ಬರುವ ಮೊದಲಿನಿಂದಲೂ ಊಟ ಮೇಲೆಯೇ. ಕೆಳಗೆ ಇದ್ದದ್ದು ಆಫೀಸು, ಒಂದನೇ ತರಗತಿ, ಮತ್ತೊಂದು ದೊಡ್ಡ ಕೋಣೆ. ಆ ಕೋಣೆಗೆ ಬೀಗ. ಒಳಗೆ ಮುರಿದ ಬೆಂಚುಗಳು ಸೂರಿನವರೆಗೆ ಪೇರಿಸಿದ್ದವು. ಮಹಡಿಗೆ ಸಾಂಬಾರನ್ನು ಹೇಗೆ ಏರಿಸುವುದು ಎಂದು ನಾವೆಲ್ಲ ಅಷ್ಟು ದಿನ ಬೆವರು ಸುರಿಸಿದ್ದೆವು. ಬೀಗ ಹಾಕಿದ ಆ ಬಾಗಿಲಿನ ಎದುರೇ ಮರಳಿನ ಬಕೆಟ್ಟುಗಳನ್ನು ಇಟ್ಟುಕೊಂಡಿದ್ದೆವು.

"ಆ ಬೆಂಚುಗಳನ್ನ ಹೊರಗೆ ಹಾಕೋಕೆ ಇಲಾಖೆ ಪರ್ಮಿಷನ್ ಬೇಕು" ಎಂದರು ಮುಖ್ಯ ಶಿಕ್ಷಕಿ. "ಎಷ್ಟು ಸಲ ಬರ್ದಿದೀನಿ. ಬಂದಿಲ್ಲ."

"ಹೊರಗೆ ಬೇಡ ಮಿಸ್" ಎಂದಳು ಲೀಡರ್. ಕಣ್ಣು ಇನ್ನೂ ಒದ್ದೆಯಾಗಿತ್ತು, ದನಿಯಲ್ಲಿ ಇನ್ನೂ ಸಿಟ್ಟಿತ್ತು. "ಮೇಲಕ್ಕೆ. ನಾವು ಊಟ ಮಾಡೋ ಜಾಗಕ್ಕೆ."

ಮುಖ್ಯ ಶಿಕ್ಷಕಿ ಬೀಗದ ಕಡೆ ನೋಡಿ, "ಸಾಗಿಸೋಕೆ ಪರ್ಮಿಷನ್ ಬೇಕಿಲ್ಲ" ಎಂದರು.

ಅವತ್ತು ಸಾಂಬಾರು ಮೆಟ್ಟಿಲ ಮೇಲೆಯೇ ಹೋಯಿತು. ನಾನೂ ಒಂದು ಹಿಡಿ ಹಿಡಿದೆ. ಅತಿಥಿಗಳು ಡಬ್ಬಿಯ ವಿಡಿಯೋ ತೆಗೆದುಕೊಂಡು ಹೋದರು. ಸಂಯೋಜಕ ಗಲ್ಲಿಯವರೆಗೆ ಅವರನ್ನು ಬಿಟ್ಟು ಬಂದು, "ನೀವ್ ಮಾಡಿದ್ದು ತಪ್ಪು ಅಂತ ನಾನು ಹೇಳ್ತಿಲ್ಲ ಮೇಡಂ. ಆದ್ರೆ ಆಫೀಸಲ್ಲಿ ಏನ್ ಹೇಳ್ಲಿ?" ಎಂದ. ಕಂಡದ್ದನ್ನೇ ಹೇಳು ಎಂದೆ. ಅವನು ಏನು ಹೇಳಿದನೋ ಗೊತ್ತಿಲ್ಲ.

ಬೆಂಚುಗಳ ಕೆಲಸ ವಾರಗಟ್ಟಲೆ ಹಿಡಿಯಿತು. ಇಡೀ ಬೆಂಚು ರಾಟೆಗೆ ಹೆಚ್ಚು ಭಾರ. ಹಾಗಾಗಿ ನಾನೂ ಶಿಕ್ಷಕರೂ ಸ್ಪ್ಯಾನರ್ ಹಿಡಿದು ಹಲಗೆ ಬೇರೆ, ಕಬ್ಬಿಣದ ಕಾಲು ಬೇರೆ ಮಾಡಿದೆವು. ತುಕ್ಕು ಹಿಡಿದ ನಟ್ಟುಗಳು ಸುಲಭಕ್ಕೆ ಬಿಡುತ್ತಿರಲಿಲ್ಲ. ಧೂಳಿಗೆ ಎಲ್ಲರಿಗೂ ಕೆಮ್ಮು. ಪ್ರತಿ ಕಟ್ಟನ್ನೂ ಮಕ್ಕಳು ತಕ್ಕಡಿಗೆ ಕಟ್ಟಿ ತೂಗುತ್ತಿದ್ದರು, ಮರಳಿನ ತೂಕಕ್ಕಿಂತ ಕಡಿಮೆಯಿದ್ದರೆ ಮಾತ್ರ ಕೊಕ್ಕೆ. ಎಳೆಯುವವರು ದೊಡ್ಡವರು. ತಿರುಗದಂತೆ ಹಗ್ಗ ಹಿಡಿಯುವವರು ಮಕ್ಕಳು, ಗೆರೆಯ ಆಚೆ. "ಏರ್ಸಿ" "ನಿಲ್ಸಿ" ಎಂದು ಕೂಗುವ ಕೆಲಸ ಲೀಡರ್‌ದು. ಮೊದಲ ದಿನ ಮುಖ ಊದಿಸಿಕೊಂಡೇ ಕೂಗಿದಳು. ಕಲಬುರಗಿ ಹುಡುಗಿ ಪಕ್ಕಕ್ಕೆ ಬಂದು ನಿಂತಾಗ ಸರಿದು ಜಾಗ ಕೊಡಲಿಲ್ಲ. ಮೂರನೆಯ ದಿನ ಕೊಟ್ಟಳು.

ಕೋಣೆ ಖಾಲಿಯಾಯಿತು. ತೊಳೆದೆವು. ಊಟ ಕೆಳಗೆ ಶುರುವಾಯಿತು. ಖಾಲಾ ಬಾಗಿಲಿನ ಹತ್ತಿರ ಕಾಲು ಚಾಚಿ ಕೂತು ಬಡಿಸತೊಡಗಿದರು. ಇದರ ಬಗ್ಗೆ ಯಾರೂ ಭಾಷಣ ಮಾಡಲಿಲ್ಲ. ಎರಡು ಮೂರು ದಿನಕ್ಕೆಲ್ಲ ಅದು ಹಿಂದಿನಿಂದಲೂ ಹೀಗೇ ಇದ್ದಂತೆ ಆಗಿಹೋಯಿತು.

ವರ್ಷದ ಕೊನೆಯಲ್ಲಿ ನನ್ನನ್ನು ಕೆ.ಆರ್. ಪುರದ ಕಡೆಯ ಶಾಲೆಗಳಿಗೆ ಹಾಕಿದರು. ಕೊನೆಯ ದಿನ ರಾಟೆ ಬಿಚ್ಚುವುದಿತ್ತು. ನಾನಿಲ್ಲದೆ ಅದನ್ನು ಅಲ್ಲಿ ಬಿಟ್ಟುಹೋಗಲು ಮುಖ್ಯ ಶಿಕ್ಷಕಿಗೂ ಮನಸ್ಸಿರಲಿಲ್ಲ, ನನಗೂ ಇರಲಿಲ್ಲ. ಹೇಗೆ ಹೇಳುವುದೆಂದು ನಾನು ಯೋಚಿಸುತ್ತಿದ್ದಾಗ ಲೀಡರ್ ತಾನೇ ಬಂದು, "ಇನ್ನು ಇದಕ್ಕೆ ಕೆಲ್ಸ ಇಲ್ಲ ಅಲ್ವಾ ಮಿಸ್?" ಎಂದಳು.

"ಇಲ್ಲ."

"ನಾನೇ ಬಿಚ್ತೀನಿ."

ರಾಟೆಗಳು ಬೇಗ ಕಳಚಿ ಬಂದವು. ಆದರೆ ಹಗ್ಗವನ್ನು ಕಬ್ಬಿಣದ ತೋಳಿಗೆ ಕಟ್ಟಿದ್ದ ಗಂಟು ಅಷ್ಟು ಭಾರ ಹೊತ್ತು ಹೊತ್ತು ಕಲ್ಲಿನಂತೆ ಬಿಗಿದಿತ್ತು. ನಾನು ತೋಳಿನ ಬೋಲ್ಟ್ ಕಳಚಿ ಅದನ್ನು ಇಳಿಸಿಕೊಟ್ಟೆ. ಅವಳು ಮೆಟ್ಟಿಲ ಮೇಲೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಉಗುರು ಹಾಕಿದಳು, ಹಲ್ಲಿನಿಂದ ಎಳೆದಳು. ಶಾಲೆ ಬಿಟ್ಟ ಗಂಟೆ ಹೊಡೆಯಿತು. ಮಕ್ಕಳು ನಮ್ಮನ್ನು ದಾಟಿಕೊಂಡು ಓಡಿದರು.

"ಕೊಡು, ಚಾಕುನಲ್ಲಿ ಕುಯ್ದುಬಿಡೋಣ. ನಂಗೂ ಲೇಟಾಗ್ತಿದೆ" ಎಂದೆ.

"ನಕ್ಕೋ, ಬೇಡ ಮಿಸ್. ಕುಯ್ದ್ರೆ ಹಗ್ಗ ಚಿಕ್ಕದಾಗ್ಬಿಡತ್ತೆ."

ಇನ್ನು ಯಾವುದಕ್ಕೆ ಬೇಕು ಆ ಹಗ್ಗ ಎಂದು ಕೇಳಲಿಲ್ಲ. ಚೀಲಗಳನ್ನು ಕೆಳಗಿಟ್ಟು ಅವಳ ಪಕ್ಕ ಕೂತೆ. ಅವಳಿಗೆ ಬೆರಳಾಡಿಸಲು ಸಡಿಲ ಸಿಗಲೆಂದು ಹಗ್ಗದ ಇನ್ನೊಂದು ತುದಿಯನ್ನು ಗಂಟಿನ ಕಡೆಗೆ ಒತ್ತಿ ಹಿಡಿದುಕೊಂಡೆ.